ಗಾಳಿಯೇ ಬ್ರೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಮಂಗಳಯಾನದ ಬಗ್ಗೆ ಬರೆಯುವಾಗ ಒಂದು ಸಾಲು ಹಾಕಿದ್ದೆ, ಬೇರೆ ದೇಶದ ಕೆಲವು ನೌಕೆಗಳು ಮಂಗಳನ ಮೇಲಿನ ತೆಳು ಗಾಳಿಗೆ ಉಜ್ಜಿಕೊಂಡೇ ಕಕ್ಷೆ ಸಣ್ಣ ಮಾಡಿಕೊಂಡವು, ಅದಕ್ಕೆ ಏರೋಬ್ರೇಕಿಂಗ್ ಅಂತಾರೆ ಅಂತ. ಆ ಒಂದು ಸಾಲಿಗೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲ ಕಡೆಯಿಂದ ಪ್ರಶ್ನೆ ಬಂದಿದೆ, ಅದೂ ಒಳ್ಳೊಳ್ಳೆ ಪ್ರಶ್ನೆಗಳು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಹಾಗಾದ್ರೆ ನಮ್ಮ ಮಂಗಳಯಾನಕ್ಕೂ ಗಾಳಿಯಲ್ಲೇ ಬ್ರೇಕ್ ಹಾಕಿ ಹತ್ತಿರ ತರಬಹುದಿತ್ತಲ್ಲ, ಇಸ್ರೋದವರು ಯಾಕೆ ಮಾಡ್ಲಿಲ್ಲ?
– ಹತ್ತನೇ ಕ್ಲಾಸ್ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಮೊದಲು ಅದನ್ನು ಮಾಡುವುದು ಹೇಗೆ ಅಂತ ನೋಡುವ, ಆಮೇಲೆ ಯಾಕೆ ಮಾಡ್ಲಿಲ್ಲ ಅಂತ ತನ್ನಷ್ಟಕ್ಕೇ ಗೊತ್ತಾಗ್ತದೆ.

2014ರ ಸೆಪ್ಟೆಂಬರ್ 24ಕ್ಕೆ ಮಂಗಳಯಾನ ಸುಮಾರು 23 ನಿಮಿಷ ಇಂಜಿನ್ ಉರಿಸಿ ಸೆಕೆಂಡಿಗೆ 1.1 ಕಿಲೋಮೀಟರಿನಷ್ಟು ಸ್ಪೀಡ್ ಕಳ್ಕೊಂಡು ಮಂಗಳನ ಹಿಡಿತಕ್ಕೆ ಸಿಕ್ಕಿತು. ಸಿಕ್ಕಿದ ಕಕ್ಷೆ ಹೇಗಿತ್ತು ಅಂದ್ರೆ ಹತ್ತಿರದ ಪಾಯಿಂಟ್ ನೆಲದಿಂದ 421 ಕಿಲೋಮೀಟರ್ ಮೇಲೆ, ದೂರದ ಪಾಯಿಂಟ್ ಹೆಚ್ಚುಕಮ್ಮಿ 77,000 ಕಿಲೋಮೀಟರ್, ಒಂದು ಸುತ್ತಿಗೆ ಸುಮಾರು 73 ಗಂಟೆ. ಹತ್ತಿರದ ಪಾಯಿಂಟಲ್ಲಿ ಅದರ ಸ್ಪೀಡ್ ಸೆಕೆಂಡಿಗೆ 4.6 ಕಿಲೋಮೀಟರ್. ಅದೇ ಎತ್ತರದಲ್ಲಿ ದುಂಡಗೆ ಸುತ್ತಬೇಕಾದ್ರೆ 3.35 ಸಾಕು. ಅಂದ್ರೆ ಇನ್ನೂ 1.3 ಕಿಲೋಮೀಟರ್ ಹತ್ತಿರ ಹತ್ತಿರ ಕಳೀಬೇಕು, ಅದನ್ನು ಇಂಜಿನಲ್ಲಿ ಕಳೀಲಿಕ್ಕೆ 250 ಕಿಲೋಗಿಂತ ಜಾಸ್ತಿ ಇಂಧನ ಬೇಕಿತ್ತು, ಉಳಿದದ್ದು 40 ಕಿಲೋ ಆಸುಪಾಸು.

ಈಗ ಗಾಳಿಯ ದಾರಿ. ದೂರದ ಪಾಯಿಂಟಲ್ಲಿ ನೌಕೆ ತುಂಬಾ ನಿಧಾನ ಇರ್ತದೆ, ಸೆಕೆಂಡಿಗೆ 220 ಮೀಟರ್ ಅಷ್ಟೇ. ಅಲ್ಲಿ ಥ್ರಸ್ಟರಿಂದ, ಅಂದ್ರೆ ಸಣ್ಣ ಇಂಜಿನಿಂದ, ಬರೀ 9 ಮೀಟರ್ ಸ್ಪೀಡ್ ಕಮ್ಮಿ ಮಾಡಿದ್ರೆ ಸಾಕು, ಆ ಕಡೆ ಹತ್ತಿರದ ಪಾಯಿಂಟ್ 421ರಿಂದ 110 ಕಿಲೋಮೀಟರಿಗೆ ಇಳೀತದೆ, ಅಂದ್ರೆ ಮಂಗಳನ ಗಾಳಿಯ ಮೇಲಿನ ಅಂಚಿಗೆ. ಮತ್ತೆ ಪ್ರತಿ ಸುತ್ತಲ್ಲೂ ನೌಕೆ ಕೆಲವು ನಿಮಿಷ ಆ ಗಾಳಿಯೊಳಗಿಂದ ಹಾದು ಹೋಗ್ತದೆ, ಸ್ವಲ್ಪ ಸ್ಪೀಡ್ ಕಳ್ಕೊಳ್ತದೆ, ಹತ್ತಿರದಲ್ಲಿ ಕಳ್ಕೊಂಡ ಸ್ಪೀಡಿನ ಪರಿಣಾಮ ದೂರದ ಪಾಯಿಂಟಲ್ಲಿ ಕಾಣ್ತದೆ, ಅದು ಸುತ್ತಿಂದ ಸುತ್ತಿಗೆ ಕೆಳಗೆ ಬರ್ತಾ ಹೋಗ್ತದೆ. ನೂರಾರು ಸುತ್ತು ಆದ ಮೇಲೆ ಬೇಕಾದಷ್ಟು ಇಳಿದಾಗ ದೂರದ ಪಾಯಿಂಟಲ್ಲಿ ಇಂಜಿನಿಂದ ಮುಂದಕ್ಕೆ ಒಮ್ಮೆ ತಳ್ಳಿದ್ರೆ ಹತ್ತಿರದ ಪಾಯಿಂಟ್ ಗಾಳಿಯಿಂದ ಹೊರಗೆ ಎದ್ದು ಬರ್ತದೆ, ಕೆಲಸ ಆಯ್ತು.

ಲೆಕ್ಕದಲ್ಲಿ ಇಷ್ಟು ಚಂದ ಉಂಟು. ಆದರೆ ಮಂಗಳಯಾನವನ್ನು ಅದಕ್ಕೆ ಅಂತ ಕಟ್ಟಿದ್ದಲ್ಲ. ಅದರ ಮೂರೂ ಸೋಲಾರ್ ಪ್ಯಾನೆಲ್ ಒಂದೇ ಬದಿಗೆ ಇದ್ದದ್ದು, ಫೋಟೋ ನೋಡಿದವರಿಗೆ ನೆನಪಿರಬಹುದು. ಗಾಳಿಯಲ್ಲಿ ಹಾಗೆ ಒಂದೇ ಕಡೆ ರೆಕ್ಕೆ ಇದ್ರೆ ನೌಕೆ ತಿರುಚಿಕೊಳ್ತದೆ, ಅದನ್ನು ನೇರ ಹಿಡಿಯಲಿಕ್ಕೆ ಮತ್ತೆ ಇಂಧನ ಬೇಕು. ಎರಡನೇದು ಸಮಯ, ಯೋಜನೆ ಹಾಕಿದ್ದೇ ಆರು ತಿಂಗಳಿಗೆ, ಏರೋಬ್ರೇಕಿಂಗಿಗೇ ಅಷ್ಟು ತಿಂಗಳು ಹೋಗ್ತದೆ. ಮತ್ತೆ ಆ ಉದ್ದ ಕಕ್ಷೆಯಿಂದ ಲಾಭವೂ ಆಯ್ತು, ಪೂರ್ತಿ ಮಂಗಳ ಗ್ರಹ ಒಂದೇ ಫ್ರೇಮಲ್ಲಿ ಬರುವ ಹಾಗೆ ಫೋಟೋ ತೆಗೆಯಲಿಕ್ಕೆ ಆದದ್ದು ಅಷ್ಟು ದೂರ ಹೋಗ್ತಾ ಇದ್ದದ್ದರಿಂದಲೇ. ಮೊದಲ ಸಲ ಹೋಗುವವರಿಗೆ ತಲುಪುವುದೇ ದೊಡ್ಡದು, ಇಸ್ರೋ ಮಾಡಿದ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ. ಅದಕ್ಕಿಂತ ಎರಡು ದಿನ ಮೊದಲು ತಲುಪಿದ ನಾಸಾದ ಮಾವೆನ್ ನೌಕೆ 2019ರಲ್ಲಿ ಗಾಳಿಯಲ್ಲೇ ಬ್ರೇಕ್ ಹಾಕಿ ದೂರದ ಪಾಯಿಂಟನ್ನು 6200ರಿಂದ 4500 ಕಿಲೋಮೀಟರಿಗೆ ತಂದಿತು, ಎರಡು ತಿಂಗಳ ಕೆಲಸ, ರೋವರುಗಳ ಡೇಟಾ ದಾಟಿಸಲಿಕ್ಕೆ ಹತ್ತಿರ ಇರಬೇಕು ಅಂತ. ಆದರೆ ಅದಕ್ಕೆ ಎರಡೂ ಬದಿಗೆ ಸಮ ರೆಕ್ಕೆ ಉಂಟು, ಆಗಾಗ ಗಾಳಿಗೆ ಇಳಿಯಲಿಕ್ಕೆ ಅಂತಲೇ ಕಟ್ಟಿದ್ದು ಅದು.

ಪ್ರಶ್ನೆ: ಗಾಳಿ ತಡೆದರೆ ಸ್ಪೀಡ್ ಕಮ್ಮಿ ಆಗ್ಬೇಕು. ಆದ್ರೆ ಕೆಳಗಿನ ಕಕ್ಷೆಯಲ್ಲಿರುವ ಸ್ಯಾಟಲೈಟ್ ಜಾಸ್ತಿ ಸ್ಪೀಡಲ್ಲಿ ಸುತ್ತುತ್ತದೆ ಅಂತ ನಮ್ಮ ಫಿಸಿಕ್ಸ್ ಪುಸ್ತಕದಲ್ಲುಂಟು. ಎರಡರಲ್ಲಿ ಯಾವುದು ಸರಿ?
– ಕಾಲೇಜು ವಿದ್ಯಾರ್ಥಿ, ಕುಂಬಳೆ

ಉತ್ತರ: ಎರಡೂ ಸರಿ. ಪುಸ್ತಕ ಓದಿ ಹೀಗೆ ತಲೆ ಕೆಡಿಸಿಕೊಂಡದ್ದು ನೋಡಿ ಖುಷಿಯಾಯ್ತು.

ಭೂಮಿಯ ಸುತ್ತ ದುಂಡಗೆ ಸುತ್ತುವ ಸ್ಯಾಟಲೈಟ್ ತಗೊಳ್ಳಿ. 400 ಕಿಲೋಮೀಟರ್ ಮೇಲೆ ಸೆಕೆಂಡಿಗೆ 7.67 ಕಿಲೋಮೀಟರ್ ಸ್ಪೀಡ್, 300ಕ್ಕೆ ಇಳಿದ್ರೆ 7.73. ಗಾಳಿ ಅದರ ಶಕ್ತಿಯನ್ನು ಕಸಿದುಕೊಂಡದ್ದು ಹೌದು, ಆದರೆ ಶಕ್ತಿ ಹೋದ ಕೂಡಲೇ ಅದು ಕೆಳಗೆ ಬೀಳ್ತದೆ, ಬೀಳುವಾಗ ಎತ್ತರದ ಶಕ್ತಿ ಸ್ಪೀಡಾಗಿ ಬದಲಾಗ್ತದೆ, ಹೀಗೆ ಬಂದದ್ದು ಗಾಳಿ ಕಸಿದದ್ದರ ಎರಡರಷ್ಟು. ಅದರಲ್ಲಿ ಅರ್ಧ ಗಾಳಿಗೆ ಹೋಯ್ತು, ಅರ್ಧ ಸ್ಪೀಡಿಗೆ ಸೇರಿತು. ಒಟ್ಟು ಲೆಕ್ಕದಲ್ಲಿ ನಷ್ಟವೇ, ಸ್ಪೀಡ್ ಮಾತ್ರ ಜಾಸ್ತಿ.

ಉದ್ದ ಕಕ್ಷೆಯಲ್ಲಿ ಸ್ವಲ್ಪ ಬೇರೆ ಥರ ಕಾಣ್ತದೆ. ಅಲ್ಲಿ ಹತ್ತಿರದ ಪಾಯಿಂಟಿನ ಸ್ಪೀಡ್ ನಿಜವಾಗಿಯೂ ಇಳೀತದೆ, ಆದರೆ ದೂರದಲ್ಲಿ ಗಂಟೆಗಟ್ಟಲೆ ನಿಧಾನ ಅಲೆಯುತ್ತಿದ್ದ ಭಾಗ ಕಟ್ ಆಗ್ತಾ ಬರುವುದರಿಂದ ಸರಾಸರಿ ಸ್ಪೀಡ್ ಏರ್ತದೆ, ದಿನಗಟ್ಟಲೆ ಹಿಡಿಯುತ್ತಿದ್ದ ಸುತ್ತು ಕೊನೆಗೆ ಎರಡು ಗಂಟೆಗೆ ಬಂದು ನಿಲ್ತದೆ.

ಪ್ರಶ್ನೆ: ಉಲ್ಕೆ ಬಂದ್ರೆ ಸುಟ್ಟು ಹೋಗ್ತದೆ, ಕ್ಯಾಪ್ಸೂಲಿಗೆ ಹೀಟ್ ಶೀಲ್ಡ್ ಬೇಕು. ಈ ನೌಕೆಗಳು ಸೋಲಾರ್ ಪ್ಯಾನೆಲ್ ಬಿಚ್ಚಿಕೊಂಡೇ ಗಾಳಿಗೆ ಹೋದ್ರೂ ಯಾಕೆ ಸುಡುವುದಿಲ್ಲ?
– ಓದುಗರು, ಉಪ್ಪಳ

ಉತ್ತರ: ಗಾಳಿ ಅಷ್ಟು ಕಮ್ಮಿ, ಅದಕ್ಕೆ. ನಮ್ಮ ಸಮುದ್ರ ಮಟ್ಟದಲ್ಲಿ ಒಂದು ಘನ ಕಿಲೋಮೀಟರ್ ಜಾಗದಲ್ಲಿ ಸುಮಾರು 120 ಕೋಟಿ ಕಿಲೋ ಗಾಳಿ ಇರ್ತದೆ. ಮಂಗಳನಲ್ಲಿ ಬ್ರೇಕ್ ಹಾಕುವ ಎತ್ತರದಲ್ಲಿ ಅಷ್ಟೇ ಜಾಗದಲ್ಲಿ ಇರುವುದು ಕೆಲವು ಹತ್ತು ಕಿಲೋ. ಈ ಕೆಲಸ ಮಾಡುವವರು ಗಾಳಿಯ ಸಾಂದ್ರತೆಯನ್ನು ಘನ ಕಿಲೋಮೀಟರಿಗೆ ಇಷ್ಟು ಕಿಲೋ ಅಂತಲೇ ಹೇಳುವುದು, ಘನ ಮೀಟರಲ್ಲಿ ಹೇಳಿದ್ರೆ ಸೊನ್ನೆ ಎಣಿಸಿಯೇ ಸುಸ್ತಾಗ್ತದೆ.

45 ಕಿಲೋ ಅಂತ ಇಟ್ಕೊಳ್ಳಿ, ನೌಕೆಯ ಸ್ಪೀಡ್ 4.7 ಕಿಲೋಮೀಟರ್. ಆಗ ಎದುರು ಗಾಳಿಯ ಒತ್ತಡ ಚದರ ಮೀಟರಿಗೆ ಅರ್ಧ ನ್ಯೂಟನ್, ಅಂದ್ರೆ ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಹಲಗೆಯ ಮೇಲೆ ಒಂದು ಕೋಳಿಮೊಟ್ಟೆ ಇಟ್ರೆ ಎಷ್ಟು ಭಾರವೋ ಅಷ್ಟು. ಇಡೀ ನೌಕೆಗೆ ಸೇರಿಸಿದ್ರೂ ಒಂದೆರಡು ಕಿಲೋ ತೂಕದ ತಡೆ. ಅಷ್ಟರಲ್ಲೇ ಸಾವಿರ ಕಿಲೋ ನೌಕೆಯ ಕಕ್ಷೆ ತಿಂಗಳುಗಳಲ್ಲಿ ಬದಲಾಗ್ತದೆ ಅನ್ನುವುದು ನನಗೆ ಈಗಲೂ ಆಶ್ಚರ್ಯವೇ.

ಬಿಸಿ ಆಗುವುದೇ ಇಲ್ಲ ಅಂತಲ್ಲ. ತಡೆ ಸ್ಪೀಡಿನ ವರ್ಗಕ್ಕೆ ತಕ್ಕ ಹಾಗೆ ಏರಿದ್ರೆ ಬಿಸಿ ಸ್ಪೀಡಿನ ಘನಕ್ಕೆ ತಕ್ಕ ಹಾಗೆ ಏರ್ತದೆ, ಈ ಲೆಕ್ಕದಲ್ಲೇ ಪ್ಯಾನೆಲಿನ ಪ್ರತಿ ಚದರ ಮೀಟರಿಗೆ ಎರಡು ಸಾವಿರ ವ್ಯಾಟ್ ಚಿಲ್ಲರೆ ಬೀಳ್ತದೆ. ಕೆಲವು ನಿಮಿಷ ಮಾತ್ರ, ಆಮೇಲೆ ಸುತ್ತಿನ ಉಳಿದ ಹೊತ್ತಲ್ಲಿ ಅದು ತಣಿಯುತ್ತದೆ. ಪ್ಯಾನೆಲನ್ನು ಅಷ್ಟು ತಡೆಯುವ ಹಾಗೆ ಮಾಡಿರ್ತಾರೆ, ಮತ್ತೆ ಅದೇ ರೆಕ್ಕೆಯ ಕೆಲಸವನ್ನೂ ಮಾಡ್ತದೆ.

ಪ್ರಶ್ನೆ: ಅಷ್ಟು ದೂರದಲ್ಲಿ, ಆ ಎತ್ತರದಲ್ಲಿ ಎಷ್ಟು ಗಾಳಿ ಉಂಟು ಅಂತ ಇಲ್ಲಿ ಕೂತವರಿಗೆ ಮೊದಲೇ ಹೇಗೆ ಗೊತ್ತಾಗ್ತದೆ?
– ನಿವೃತ್ತ ಅಧ್ಯಾಪಕರು, ಪೆರ್ಲ

ಉತ್ತರ: ಗೊತ್ತಾಗುವುದಿಲ್ಲ ಸರ್. ಈ ಇಡೀ ವಿದ್ಯೆಯ ಕಷ್ಟ ಇರುವುದೇ ಅಲ್ಲಿ, ಈ ಅಂಕಣದಲ್ಲಿ ನಾನು ಹೇಳಲೇಬೇಕು ಅಂದ್ಕೊಂಡದ್ದೂ ಇದನ್ನೇ. ಸ್ಪೀಡ್, ಕಕ್ಷೆ ಎಲ್ಲ ನ್ಯೂಟನ್ ಕಾಲದಿಂದ ಲೆಕ್ಕಕ್ಕೆ ಸಿಗುವಂಥದ್ದು. ಗಾಳಿ ಹಾಗಲ್ಲ. ಮಂಗಳನ ಆ ಎತ್ತರದಲ್ಲಿ ಐದು ಕಿಲೋಮೀಟರ್ ಕೆಳಗೆ ಇಳಿದ್ರೆ ಗಾಳಿ ಹೆಚ್ಚುಕಮ್ಮಿ ದುಪ್ಪಟ್ಟು, ಅದೇ ಎತ್ತರದಲ್ಲಿ ಇದ್ದರೂ ಹಗಲಿಗೆ ಒಂದು ರಾತ್ರಿಗೆ ಒಂದು, ಧ್ರುವದ ಮೇಲೆ ಬೇರೆ, ಎಲ್ಲೋ ಧೂಳಿನ ಬಿರುಗಾಳಿ ಎದ್ದರೆ ಕೆಳಗಿನ ಗಾಳಿ ಬಿಸಿಯಾಗಿ ಉಬ್ಬಿ ಮೇಲಿನ ಗಾಳಿಯನ್ನೂ ಎತ್ತಿಬಿಡ್ತದೆ.

ಅದಕ್ಕೆ ಯಾರೂ ನೇರ ಒಳಗೆ ನುಗ್ಗುವುದಿಲ್ಲ. ಮೊದಲು ತುಂಬಾ ಮೇಲೆ, ತಡೆ ಸಿಗುವುದೇ ಇಲ್ಲ ಅನ್ನುವಷ್ಟು ಮೇಲೆ ಹಾದು ಹೋಗ್ತಾರೆ, ನೌಕೆಯೊಳಗಿನ ಆಕ್ಸಿಲರೋಮೀಟರ್ ಎಷ್ಟು ತಡೆ ಆಯ್ತು ಅಂತ ಅಳೀತದೆ, ಅದನ್ನು ನೋಡಿ ಮುಂದಿನ ಸುತ್ತಿಗೆ ಸ್ವಲ್ಪ ಇಳಿಸ್ತಾರೆ, ಮತ್ತೆ ಅಳತೆ, ಮತ್ತೆ ಸ್ವಲ್ಪ. ಗಾಳಿ ದಪ್ಪ ಆದ್ರೆ ಕೂಡಲೇ ದೂರದ ಪಾಯಿಂಟಲ್ಲಿ ಸಣ್ಣ ತಳ್ಳು ಕೊಟ್ಟು ಮೇಲೆ ಎತ್ತುವುದು. ಕೊನೆಕೊನೆಗೆ ಸುತ್ತು ಎರಡು ಗಂಟೆಗೆ ಬಂದಾಗ ದಿನಕ್ಕೆ ಹನ್ನೆರಡು ಸಲ ಗಾಳಿಗೆ ಇಳಿಯುವುದು ಇರ್ತದೆ, ಸಿಗ್ನಲ್ ಹೋಗಿ ತಲುಪಲಿಕ್ಕೇ ಕೆಲವು ಸಲ 20 ನಿಮಿಷ ಬೇಕು, ಆವಾಗ ಕಂಟ್ರೋಲ್ ರೂಮಿನವರಿಗೆ ಹಗಲು ರಾತ್ರಿ ಇಲ್ಲ.

1997ರ ಸೆಪ್ಟೆಂಬರಲ್ಲಿ ಮಂಗಳನಿಗೆ ಹೋದ ಮಾರ್ಸ್ ಗ್ಲೋಬಲ್ ಸರ್ವೇಯರ್ ಕಥೆ ಎಲ್ಲರೂ ಕೇಳ್ಬೇಕಾದ್ದು. ಲಾಂಚ್ ಆದ ಮೇಲೆ ಪ್ಯಾನೆಲ್ ಬಿಚ್ಚುವಾಗಲೇ ಒಂದು ಬದಿಯ ಭಾಗ ಮುರಿದು ಅದು ಸರಿಯಾಗಿ ಲಾಕ್ ಆಗಿರಲಿಲ್ಲ. ಮಂಗಳನಲ್ಲಿ ಸುತ್ತು 45 ಗಂಟೆಯದ್ದು, ಅದನ್ನು ಗಾಳಿಯಲ್ಲೇ ಎರಡು ಗಂಟೆಗೆ ತರಬೇಕು, ಇಂಜಿನಲ್ಲಿ ಮಾಡ್ಲಿಕ್ಕೆ ಅಷ್ಟು ಇಂಧನವೇ ಹೊತ್ತೊಯ್ದಿಲ್ಲ. ಅಕ್ಟೋಬರಲ್ಲಿ ಒಂದು ಸಲ ಗಾಳಿ ಅಂದಾಜಿಗಿಂತ ದಪ್ಪ ಸಿಕ್ಕಿ ಆ ಪ್ಯಾನೆಲ್ ಇರಬೇಕಾದ ಜಾಗದಿಂದ ಆಚೆಗೆ ಬಾಗಿತು. ಅಲ್ಲಿಗೇ ನಿಲ್ಲಿಸಿ ನೌಕೆಯನ್ನು ಮೇಲೆತ್ತಿದ್ರು, ಯೋಚನೆ ಮಾಡಿದ್ರು, ನವೆಂಬರಲ್ಲಿ ಪುನಃ ಶುರು ಮಾಡುವಾಗ ಒತ್ತಡವನ್ನು ಮೂರನೇ ಒಂದು ಭಾಗದಷ್ಟಕ್ಕೆ ಇಳಿಸಿದ್ರು. ಅದೇ ತಿಂಗಳು ದೊಡ್ಡ ಧೂಳಿನ ಬಿರುಗಾಳಿ ಬೇರೆ ಎದ್ದು ಮೇಲಿನ ಗಾಳಿ ಒಮ್ಮೆಲೇ ದುಪ್ಪಟ್ಟಿಗಿಂತ ಜಾಸ್ತಿಯಾಯ್ತು. 1998ರ ಮಾರ್ಚಿಗೆ ಶುರು ಆಗ್ಬೇಕಾಗಿದ್ದ ಮ್ಯಾಪಿಂಗ್ 1999ರ ಮಾರ್ಚಿಗೆ ಶುರು ಆಯ್ತು. ಒಂದು ವರ್ಷ ಹೋಯ್ತು, ಆದರೆ ನೌಕೆ ಉಳೀತು, 2006ರವರೆಗೆ ಕೆಲಸ ಮಾಡ್ತು. ಆ ಒಂದು ವರ್ಷ ಕಾದ ಟೀಮಿನ ಬಗ್ಗೆ ನನಗೆ ಬಹಳ ಗೌರವ ಉಂಟು. ಬಜೆಟ್, ಡೆಡ್‌ಲೈನ್ ಎಲ್ಲ ತಲೆ ಮೇಲೆ ಇರುವಾಗ ಅವಸರ ಮಾಡದೆ ಇರುವುದು ಸುಲಭ ಅಲ್ಲ.

ಇನ್ನೊಂದು ಕಡೆ, 1999ರ ಸೆಪ್ಟೆಂಬರಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಏರೋಬ್ರೇಕಿಂಗ್ ಶುರು ಮಾಡುವ ಮೊದಲೇ ಹೋಯ್ತು. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಅಂತ ಓದಿತು, 226 ಕಿಲೋಮೀಟರ್ ಮೇಲೆ ಹಾದು ಹೋಗ್ಬೇಕಾದ ನೌಕೆ 57 ಕಿಲೋಮೀಟರಿಗೆ ಇಳಿದಿತ್ತು. 80ಕ್ಕಿಂತ ಕೆಳಗೆ ಹೋದ್ರೆ ಅದು ಬದುಕುವ ಹಾಗೇ ಇರಲಿಲ್ಲ.

ಅದಾದ ಮೇಲೆ ಬಂದವರು ಹುಷಾರಾದ್ರು. 2001ರ ಅಕ್ಟೋಬರಲ್ಲಿ ತಲುಪಿದ ಮಾರ್ಸ್ ಒಡಿಸ್ಸಿ 332 ಸಲ ಗಾಳಿಗೆ ಇಳಿದು 2002ರ ಜನವರಿಗೆ ಮುಗಿಸಿತು, ಹಾಗೆ ಇಳಿದಾಗ ಅಳೆದದ್ದರಿಂದ ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲಿನ ಗಾಳಿ ಎಣಿಸಿದ್ದಕ್ಕಿಂತ ಬೆಚ್ಚಗೆ ಉಂಟು ಅಂತ ಹೊಸ ವಿಷಯವೂ ಗೊತ್ತಾಯ್ತು. 2006ರಲ್ಲಿ ಮಾರ್ಸ್ ರೆಕನೈಸನ್ಸ್ ಆರ್ಬಿಟರ್ 426 ಸಲ ಇಳಿದು ಸುಮಾರು 600 ಕಿಲೋ ಇಂಧನ ಉಳಿಸಿತು, ಅಷ್ಟು ಭಾರ ಉಳಿದದ್ದಕ್ಕೇ ಅಷ್ಟು ದೊಡ್ಡ ಕ್ಯಾಮೆರಾ ಒಯ್ಯಲಿಕ್ಕೆ ಆದದ್ದು. ಯುರೋಪಿನವರ ಟ್ರೇಸ್ ಗ್ಯಾಸ್ ಆರ್ಬಿಟರ್ 2017ರ ಮಾರ್ಚಿಂದ 2018ರ ಫೆಬ್ರವರಿವರೆಗೆ, ನಡುವೆ ಮಂಗಳ ಸೂರ್ಯನ ಹಿಂದೆ ಹೋಗಿ ಸಂಪರ್ಕ ಕಷ್ಟ ಆಗುವ ವಾರಗಳಲ್ಲಿ ಬ್ರೇಕ್ ನಿಲ್ಲಿಸಿ, 24 ಗಂಟೆಯ ಸುತ್ತನ್ನು ಎರಡು ಗಂಟೆಗೆ ತಂದಿತು.

ನಮ್ಮ ದೇಶದಲ್ಲಿ ರಾಕೆಟ್ ಹಾರಿಸಿ ಮೇಲಿನ ಗಾಳಿಯನ್ನು ಅಳೆಯುವ ಕೆಲಸ ನಮ್ಮ ಕೇರಳದಲ್ಲೇ ಶುರು ಆದದ್ದು ಅಂತ ಹೇಳದಿದ್ದರೆ ತಪ್ಪಾಗ್ತದೆ. 1963ರ ನವೆಂಬರ್ 21ಕ್ಕೆ ತಿರುವನಂತಪುರದ ಹತ್ತಿರದ ತುಂಬಾ ಅನ್ನುವ ಊರಿಂದ ಹಾರಿದ ಮೊದಲ ರಾಕೆಟ್ ಒಯ್ದದ್ದು ಸೋಡಿಯಂ ಆವಿ. ಮುಸ್ಸಂಜೆ ಆಕಾಶದಲ್ಲಿ ಅದು ಹೊಳೆಯುವ ಗೆರೆಯಾಗಿ ಹರಡುವುದನ್ನು ಫೋಟೋ ತೆಗೆದು ಅಷ್ಟು ಮೇಲೆ ಗಾಳಿ ಯಾವ ಕಡೆ ಹೇಗೆ ಬೀಸ್ತದೆ ಅಂತ ಲೆಕ್ಕ ಹಾಕುವುದು. ಮಂಗಳಯಾನದಲ್ಲಿ ಮಂಗಳನ ಹೊರ ವಾತಾವರಣ ಅಳೆದ ಮೆಂಕಾ ಉಪಕರಣ ಮಾಡಿದ್ದೂ ತಿರುವನಂತಪುರದ ಸ್ಪೇಸ್ ಫಿಸಿಕ್ಸ್ ಲ್ಯಾಬೊರೇಟರಿಯಲ್ಲೇ. ಕಾಸರಗೋಡಿನ ಮಕ್ಕಳಿಗೆ ಇದು ದೂರದ ವಿಷಯ ಅಲ್ಲ, ಸಂಜೆ ಟ್ರೈನ್ ಹತ್ತಿದ್ರೆ ಬೆಳಿಗ್ಗೆ ತಲುಪುವ ಊರಿನದ್ದು.

ಪ್ರಶ್ನೆ: ಚಂದ್ರಯಾನ-3 ಚಂದ್ರನ ಹತ್ತಿರ ಹಾಗೆ ಮಾಡಿದ್ದಾ?
– ಓದುಗರು, ಮುಳ್ಳೇರಿಯ

ಉತ್ತರ: ಇಲ್ಲ, ಚಂದ್ರನಲ್ಲಿ ಬ್ರೇಕ್ ಹಾಕುವಷ್ಟು ಗಾಳಿ ಇಲ್ಲ. ಅಲ್ಲಿ ಪ್ರತಿ ಸಲವೂ ಇಂಜಿನೇ ಉರಿಸಬೇಕು. ಆದರೆ ಒಂದು ವಿಷಯ, ಭೂಮಿಯಿಂದ ದೂರ ಹೋಗುವ ನೌಕೆಗಳಲ್ಲಿ ಮೊದಲು ಏರೋಬ್ರೇಕಿಂಗ್ ಮಾಡಿ ತೋರಿಸಿದ್ದು ಚಂದ್ರನ ಕೆಲಸಕ್ಕೆ ಅಂತ ಕಳಿಸಿದ ಜಪಾನಿನ ಹಿತೆನ್ ನೌಕೆ. 1991ರ ಮಾರ್ಚ್ 19ಕ್ಕೆ ಪೆಸಿಫಿಕ್ ಸಾಗರದ ಮೇಲೆ ಸುಮಾರು 125 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಗಾಳಿಯನ್ನೇ ಸವರಿಕೊಂಡು ಹೋಯ್ತು. ಕಮ್ಮಿ ಆದ ಸ್ಪೀಡ್ ಸೆಕೆಂಡಿಗೆ ಬರೀ 1.7 ಮೀಟರ್, ಅಷ್ಟಕ್ಕೇ ದೂರದ ಪಾಯಿಂಟ್ 8600 ಕಿಲೋಮೀಟರಿಗಿಂತ ಜಾಸ್ತಿ ಇಳೀತು.

ಪ್ರಶ್ನೆ: 1979ರಲ್ಲಿ ಸ್ಕೈಲ್ಯಾಬ್ ತಲೆ ಮೇಲೆ ಬೀಳ್ತದೆ ಅಂತ ನಮ್ಮ ಕಡೆಯೂ ಜನ ಹೆದರಿದ್ದು ನೆನಪುಂಟು. ಅದೂ ಇದೇ ಗಾಳಿಯ ಕೆಲಸವಾ?
– ಹಿರಿಯ ಓದುಗರು, ಹೊಸಂಗಡಿ

ಉತ್ತರ: ಹೌದು, ಅದೇ ಗಾಳಿ, ಆದರೆ ಹಿಡಿತ ಇಲ್ಲದ್ದು. 1973ರಲ್ಲಿ ನಾಸಾ ಹಾರಿಸಿದ ಸ್ಪೇಸ್ ಸ್ಟೇಷನ್ ಸ್ಕೈಲ್ಯಾಬ್ ಇನ್ನೂ ಕೆಲವು ವರ್ಷ ಮೇಲೆ ಇರ್ತದೆ ಅಂತಲೇ ಅಂದಾಜು ಇತ್ತು, ಅಷ್ಟರಲ್ಲಿ ಸ್ಪೇಸ್ ಶಟಲ್ ರೆಡಿ ಆಗಿ ಅದನ್ನು ಮೇಲೆ ತಳ್ಳಬೇಕಿತ್ತು. ಸೂರ್ಯನ ಚಟುವಟಿಕೆ ಎಣಿಸಿದ್ದಕ್ಕಿಂತ ಜೋರಾಗಿ ಮೇಲಿನ ಗಾಳಿ ಬಿಸಿಯಾಗಿ ಉಬ್ಬಿತು, ತಡೆ ಜಾಸ್ತಿಯಾಯ್ತು, ಶಟಲ್ ತಯಾರಾಗುವ ಮೊದಲೇ 1979ರ ಜುಲೈ 11ಕ್ಕೆ ಬಿತ್ತು, ತುಂಡುಗಳು ಹಿಂದೂ ಮಹಾಸಾಗರಕ್ಕೆ ಮತ್ತು ಪಶ್ಚಿಮ ಆಸ್ಟ್ರೇಲಿಯಕ್ಕೆ. 2022ರ ಫೆಬ್ರವರಿಯಲ್ಲಿ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕಿನ 49 ಸ್ಯಾಟಲೈಟುಗಳಲ್ಲಿ 38 ಹೋದದ್ದೂ ಹೀಗೇ, ಕೆಳಗಿನ ಕಕ್ಷೆಯಲ್ಲಿ ಬಿಟ್ಟ ಕೂಡಲೇ ಸೌರ ಬಿರುಗಾಳಿ ಬಂತು.

ಹಿಡಿತ ಇಟ್ಟುಕೊಂಡು ಇಳಿಸಿದ ಉದಾಹರಣೆ ನಮ್ಮದೇ ಉಂಟು. 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಸ್ಯಾಟಲೈಟನ್ನು ಇಸ್ರೋ ಉಳಿದ ಇಂಧನದಿಂದ ಹಂತ ಹಂತವಾಗಿ ಕೆಳಗೆ ತಂದು 2023ರ ಮಾರ್ಚ್ 7ಕ್ಕೆ ಜನ ಇಲ್ಲದ ಪೆಸಿಫಿಕ್ ಮೇಲೆ ಗಾಳಿಗೆ ಒಪ್ಪಿಸಿತು. ಅದನ್ನು ಕೆಳಗೆ ಇಳಿಸುವ ಯೋಚನೆ ಇಟ್ಟು ಕಟ್ಟಿದ್ದಲ್ಲ, ಆದರೂ ಮಾಡಿದ್ರು.

ಪ್ರಶ್ನೆ: ಇಸ್ರೋ ಇನ್ನು ಮುಂದಾದರೂ ಏರೋಬ್ರೇಕಿಂಗ್ ಮಾಡ್ತದಾ?
– ಓದುಗರು, ಮಂಜೇಶ್ವರ

ಉತ್ತರ: ಮಾಡುವ ಯೋಜನೆ ಉಂಟು, ಅದೂ ಶುಕ್ರನಲ್ಲಿ. 2024ರ ಸೆಪ್ಟೆಂಬರಲ್ಲಿ ಕೇಂದ್ರ ಸಂಪುಟ 1236 ಕೋಟಿ ರೂಪಾಯಿಯ ಶುಕ್ರ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, 2028ರ ಮಾರ್ಚಿಗೆ ಹಾರಿಸುವ ಗುರಿ. ಮೊದಲು ಉದ್ದ ಕಕ್ಷೆಗೆ ಹೋಗಿ ಆಮೇಲೆ ಗಾಳಿಯಲ್ಲೇ ಬ್ರೇಕ್ ಹಾಕಿ ಕೆಳಗೆ ಬರುವುದು.

ಶುಕ್ರ ಮಂಗಳನಿಗಿಂತ ಕಷ್ಟ. ನೆಲದ ಹತ್ತಿರ ಅಲ್ಲಿನ ಒತ್ತಡ ನಮ್ಮದರ 90 ಪಟ್ಟಿಗಿಂತ ಜಾಸ್ತಿ ಅಂತ ಎಲ್ಲರಿಗೂ ಗೊತ್ತು, ಆದರೆ ಕಷ್ಟ ಅದರಿಂದಲ್ಲ, ಬ್ರೇಕ್ ಹಾಕುವುದು ನೆಲದಿಂದ 130, 140 ಕಿಲೋಮೀಟರ್ ಮೇಲೆ. ಕಷ್ಟ ಸ್ಪೀಡಿನದ್ದು. ಶುಕ್ರನ ಸೆಳೆತ ಜೋರು, ಉದ್ದ ಕಕ್ಷೆಯಿಂದ ಬರುವ ನೌಕೆ ಹತ್ತಿರದ ಪಾಯಿಂಟಲ್ಲಿ ಸೆಕೆಂಡಿಗೆ 10 ಕಿಲೋಮೀಟರ್ ಹತ್ತಿರ ಇರ್ತದೆ, ಮಂಗಳನಲ್ಲಿ ಇದ್ದದ್ದರ ಎರಡು ಪಟ್ಟು. ಬಿಸಿ ಸ್ಪೀಡಿನ ಘನಕ್ಕೆ ಏರ್ತದೆ ಅಂತ ಮೇಲೆ ಹೇಳಿದ್ದೆನಲ್ಲ, ಅಂದ್ರೆ ಅಷ್ಟೇ ಗಾಳಿಗೆ ಎಂಟು ಪಟ್ಟು ಬಿಸಿ. ಹಾಗಾಗಿ ಇನ್ನೂ ತೆಳು ಗಾಳಿ, ಇನ್ನೂ ಜಾಸ್ತಿ ಸುತ್ತು.

ಆಗದ ಕೆಲಸ ಅಂತೂ ಅಲ್ಲ. ನಾಸಾದ ಮೆಗಲನ್ 1993ರ ಮೇ 25ರಿಂದ ಆಗಸ್ಟ್ 3ರವರೆಗೆ 70 ದಿನದಲ್ಲಿ ಶುಕ್ರನಲ್ಲಿ ದೂರದ ಪಾಯಿಂಟನ್ನು 8500ರಿಂದ 540 ಕಿಲೋಮೀಟರಿಗೆ ಇಳಿಸಿತು, ಅದೂ ಇದಕ್ಕೆ ಅಂತ ಕಟ್ಟದ ನೌಕೆಯಲ್ಲಿ. 2014ರಲ್ಲಿ ಯುರೋಪಿನ ವೀನಸ್ ಎಕ್ಸ್‌ಪ್ರೆಸ್ ಕೊನೆಗಾಲದಲ್ಲಿ 130 ಕಿಲೋಮೀಟರ್ ಹತ್ತಿರದವರೆಗೆ ಇಳಿದು ಗಾಳಿಯ ಅಂಕಿಅಂಶ ಕೊಟ್ಟು ಹೋಗಿದೆ. ಇಸ್ರೋದವರಿಗೆ ಅದೆಲ್ಲ ಕೈಯಲ್ಲುಂಟು. ನೌಕೆ ಶುಕ್ರನ ಕಕ್ಷೆ ಸೇರಿದ ದಿನ ಟಿವಿಯಲ್ಲಿ ಎಲ್ಲರೂ ನೋಡ್ತಾರೆ, ಆದರೆ ಅದರ ನಂತರದ ಬ್ರೇಕಿನ ತಿಂಗಳುಗಳ ಸುದ್ದಿಯನ್ನು ದಯವಿಟ್ಟು ಬಿಡದೆ ಹಿಂಬಾಲಿಸಿ, ನಿಜವಾದ ಪರೀಕ್ಷೆ ಆವಾಗ.

ಪ್ರಶ್ನೆ: ಕನ್ನಡ ಮೀಡಿಯಂ ಪ್ಲಸ್ ಟು ಮಕ್ಕಳಿಗೆ ಇದರ ಮೇಲೆ ಒಂದು ಲೆಕ್ಕ ಕೊಡಬಹುದಾ?
– ಅಧ್ಯಾಪಕಿ, ಅಡೂರು

ಉತ್ತರ: ಖಂಡಿತ. ಮೊದಲ ಉತ್ತರದ 9 ಮೀಟರ್ ಎಲ್ಲಿಂದ ಬಂತು ಅಂತ ಅವರೇ ತೆಗೆಯಲಿ. ವೇಗದ ವರ್ಗ ಸಿಗಬೇಕಾದ್ರೆ 2ನ್ನು ಗ್ರಹದ ಕೇಂದ್ರದಿಂದ ಇರುವ ದೂರದಿಂದ ಭಾಗಿಸಿ, ಅದರಿಂದ 1ನ್ನು ಕಕ್ಷೆಯ ಅರ್ಧ ಉದ್ದದಿಂದ ಭಾಗಿಸಿದ್ದನ್ನು ಕಳೆದು, ಉಳಿದದ್ದನ್ನು 42,828ರಿಂದ ಗುಣಿಸಬೇಕು. ಇದು ಮಂಗಳನ ಸಂಖ್ಯೆ, ದೂರ ಎಲ್ಲ ಕಿಲೋಮೀಟರಲ್ಲಿ, ಮಂಗಳನ ತ್ರಿಜ್ಯ 3390 ಸೇರಿಸಲಿಕ್ಕೆ ಮರೆಯಬಾರದು, ಹೆಚ್ಚಿನ ಮಕ್ಕಳು ಅಲ್ಲೇ ತಪ್ಪುವುದು. ದೂರದ ಪಾಯಿಂಟಲ್ಲಿ ಮೊದಲು ಹತ್ತಿರದ ಎತ್ತರ 421 ಇಟ್ಟು ಸ್ಪೀಡ್ ತೆಗೆಯಲಿ, ಆಮೇಲೆ 110 ಇಟ್ಟು ತೆಗೆಯಲಿ, ವ್ಯತ್ಯಾಸ ನೋಡಲಿ. ಅದು ಬಂದ ಮೇಲೆ ಮಾರ್ಸ್ ರೆಕನೈಸನ್ಸ್ ಆರ್ಬಿಟರಿಗೆ ಮಾಡಲಿ, ಹತ್ತಿರ 426, ದೂರ 44,500, ಇಳಿಸಬೇಕಾದ್ದು 110ಕ್ಕೇ. ಸೆಕೆಂಡಿಗೆ 14 ಮೀಟರ್ ಆಸುಪಾಸು ಬಂದ್ರೆ ಸರಿ. ಮಂಗಳಯಾನಕ್ಕಿಂತ ಇದಕ್ಕೆ ಜಾಸ್ತಿ ಯಾಕೆ ಬೇಕಾಯ್ತು ಅಂತ ಎರಡು ಸಾಲಲ್ಲಿ ಬರೆದು ಕಳಿಸಿದವರ ಉತ್ತರ ಮುಂದಿನ ಸಂಚಿಕೆಯಲ್ಲಿ ಹಾಕ್ತೇನೆ.